ಪನಿ ಉಂಡೋ?

2020ರ ಮಾರ್ಚ್ ಕೊನೆಯ ವಾರ, ಕೊರೋನದ ದಿನಗಳು. ರಾತ್ರಿ ಒಂಬತ್ತು ಗಂಟೆ ದಾಟಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಗಡಿಯ ಕಡೆಯ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದರು. ಅವರ ದನಿಯೇ ಸರಿ ಇರಲಿಲ್ಲ.

"ಟೀಚರೇ, ಪದವಿನ ಅಜ್ಜಿಗೆ ಜ್ವರ ಉಂಟಂತೆ. ಆಂಬ್ಯುಲೆನ್ಸ್ ಕಳಿಸ್ತೇವೆ ಅಂತ ಹೆಲ್ತ್‌ನವರು ಹೇಳ್ತಾ ಇದ್ದಾರೆ. ನಾನು ಇವತ್ತು ಬೆಳಿಗ್ಗೆ ಗೇಟಿನ ಹತ್ರ ನಿಂತು ಮಾತಾಡಿಸಿ ಬಂದವಳು, ಆಗ ಎಂತದೂ ಇರ್ಲಿಲ್ಲ. ನೀವೊಂದು ಸಲ ಕೇಳ್ತೀರಾ?"

ಅಜ್ಜಿಯ ಮೊಮ್ಮಗ ಶಾರ್ಜಾದಿಂದ ಬಂದು ಹತ್ತು ದಿನವಾಗಿತ್ತು. ಇಬ್ಬರೇ ಇರುವ ಮನೆ. 28 ದಿನ ಹೊರಗೆ ಕಾಲಿಡಬಾರದು ಎಂದು ಬಾಗಿಲಿಗೆ ನೋಟೀಸು ಅಂಟಿಸಿದ್ದರು. ಆರೋಗ್ಯ ಇಲಾಖೆಯಿಂದ ದಿನಕ್ಕೊಮ್ಮೆ ಫೋನ್ ಬರುತ್ತಿತ್ತು. ನಾನು ಕರೆ ಮಾಡಿದಾಗ ಅಜ್ಜಿಗೆ ನಿದ್ದೆಯ ಮಂಪರು. ಜ್ವರವಾ ಎಂದು ಕೇಳಿದ್ದಕ್ಕೆ ಅವರಿಗೇ ಆಶ್ಚರ್ಯ. "ಎಂಕ್ ಜ್ವರನಾ? ಏರ್ ಪಂಡಿನಿ? ಆರ್ ಪನಿ ಉಂಡಾಂದ್ ಕೇಂಡೆರ್. ಕಾಂಡೆ ಪನಿ ಉಂಡು ಪಂದ್ ಪಂಡೆ" ಎಂದು ತುಳುವಿನಲ್ಲಿ ಹೇಳಿದರು. ನನಗೆ ಜ್ವರವಾ, ಯಾರು ಹೇಳಿದ್ದು, ಅವರು ಪನಿ ಉಂಟಾ ಎಂದು ಕೇಳಿದರು, ಬೆಳಿಗ್ಗೆ ಪನಿ ಉಂಟು ಎಂದೆ, ಅಷ್ಟೆ ಎಂದು.

ಆಗ ಗೊತ್ತಾಯಿತು. ಮಲಯಾಳದಲ್ಲಿ ಪನಿ ಎಂದರೆ ಜ್ವರ. ತುಳುವಿನಲ್ಲಿ ಪನಿ ಎಂದರೆ ತುಂತುರು ಹನಿ. ಫೋನ್ ಮಾಡಿದವರು "ಪನಿ ಉಂಡೋ?" ಎಂದು ಕೇಳಿದ್ದಾರೆ. ಎರಡು ದಿನದಿಂದ ಬೆಳಗಿನ ಹೊತ್ತು ಮೋಡ ಮುಸುಕಿ ನಾಲ್ಕು ಹನಿ ಉದುರುತ್ತಿತ್ತು. ಅಜ್ಜಿ ಇದ್ದದ್ದನ್ನೇ ಹೇಳಿದ್ದಾರೆ. ಎರಡು ಭಾಷೆಗಳಲ್ಲೂ ವಾಕ್ಯ ಒಂದೇ, "ಪನಿ ಉಂಡು". ಅದು ಬರೆದುಕೊಂಡವರ ಪುಸ್ತಕದಲ್ಲಿ ಜ್ವರವಾಗಿ ದಾಖಲಾಗಿತ್ತು.

ಅವರ ತಪ್ಪೂ ಇಲ್ಲ. ದಕ್ಷಿಣದ ಕಡೆಯಿಂದ ಇಲ್ಲಿಗೆ ಬಂದು ಕೆಲಸ ಮಾಡುತ್ತಿದ್ದ ಹುಡುಗ, ದಿನಕ್ಕೆ ಹತ್ತಾರು ಮನೆಗಳಿಗೆ ಕರೆ ಮಾಡಿ ಕೇಳಬೇಕು. ನಾನು ಅವನಿಗೆ ಫೋನ್ ಮಾಡಿ ವಿವರಿಸಿದಾಗ ಅರ್ಧ ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಮಲಯಾಳದಲ್ಲಿ ಕೇಳಿದ: "ಟೀಚರ್, ಹಾಗಾದರೆ ಇಷ್ಟು ದಿನ ನಾನು ಬರೆದುಕೊಂಡದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು?"

ಆ ಪ್ರಶ್ನೆ ನನ್ನನ್ನು ರಾತ್ರಿಯಿಡೀ ಮಲಗಗೊಡಲಿಲ್ಲ. ಜ್ವರ ಇಲ್ಲದವರನ್ನು ಉಂಟು ಎಂದು ಬರೆದರೆ ಒಂದು ಆಂಬ್ಯುಲೆನ್ಸ್ ಸುಮ್ಮನೆ ಬಂದು ಹೋದೀತು, ಊರಿಡೀ ಸುದ್ದಿಯಾದೀತು. ಜ್ವರ ಇದ್ದವರು ಪ್ರಶ್ನೆ ಅರ್ಥವಾಗದೆ "ಇಲ್ಲ" ಅಂದುಬಿಟ್ಟಿದ್ದರೆ? ಮರುದಿನ ಬೆಳಿಗ್ಗೆ ಪಂಚಾಯತ್ ಮೆಂಬರಿಗೆ ಫೋನ್ ಮಾಡಿ, ವಾರ್ಡಿನ ಜಾಗ್ರತಾ ಸಮಿತಿಯಲ್ಲಿ ನನ್ನ ಹೆಸರೂ ಸೇರಿಸಿಕೊಳ್ಳಿ ಎಂದೆ.

ನಾನು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಅಧ್ಯಾಪಿಕೆ. ಮನೆ ಪೆರ್ಲದಿಂದ ಗಡಿಯ ಕಡೆಗೆ ಹೋಗುವ ದಾರಿಯ ಒಳಗೆ. ಕಲಿಯುವ ಕಾಲದಲ್ಲಿ ಎರಡು ವರ್ಷ ಕಣ್ಣೂರಿನ ಹಾಸ್ಟೆಲಿನಲ್ಲಿದ್ದೆ. ಕೋಣೆಯ ಗೆಳತಿಯರು ನನಗೆ ಮಲಯಾಳ ಅಕ್ಷರ ಕಲಿಸಿದ್ದರು. ನಮ್ಮ ಕಡೆಯ ವಿಷಯ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ: ಇಲ್ಲಿ ಮಲಯಾಳ ಮಾತಾಡಲು ಬರುವವರು ಬೇಕಾದಷ್ಟು ಜನ, ಓದಲು ಬರುವವರು ಕಡಿಮೆ. ಕನ್ನಡ ಶಾಲೆಗೆ ಹೋದ ಬ್ಯಾರಿ ಹುಡುಗ ಪೇಟೆಯಲ್ಲಿ ಮಲಯಾಳದಲ್ಲಿ ವ್ಯಾಪಾರ ಮಾಡುತ್ತಾನೆ, ಆದರೆ ಪಂಚಾಯತಿನಿಂದ ಬಂದ ಕಾಗದವನ್ನು ಯಾರಾದರೂ ಓದಿ ಹೇಳಬೇಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಹೀಗೆಯೇ ನಡೆದುಕೊಂಡು ಬಂದಿದೆ. ತೆರಿಗೆಯ ಚೀಟಿಯೋ ಕರೆಂಟ್ ಬಿಲ್ಲೋ ಆದರೆ ನಾಲ್ಕು ದಿನ ತಡವಾಗಿ ಓದಿಸಿಕೊಂಡರೂ ನಡೆಯುತ್ತದೆ. ಈ ರೋಗಕ್ಕೆ ನಾಲ್ಕು ದಿನ ಕಾಯುವ ವ್ಯವಧಾನ ಇರಲಿಲ್ಲ.

ನಮ್ಮ ಜಿಲ್ಲೆಗೆ ಕೊರೋನ ಹೊಸತೇನಲ್ಲ. ದೇಶದ ಮೂರನೆಯ ರೋಗಿ ಕಾಞಂಗಾಡಿನಲ್ಲಿ, ಫೆಬ್ರವರಿ 3ರಂದೇ. ವುಹಾನಿನಿಂದ ಬಂದ ವಿದ್ಯಾರ್ಥಿ, ಗುಣವಾಗಿ ಮನೆಗೂ ಹೋಗಿದ್ದ. ಮಾರ್ಚ್ 10ಕ್ಕೆ ಏಳನೆಯ ತರಗತಿವರೆಗೆ ಪರೀಕ್ಷೆಯೂ ಇಲ್ಲ, ಶಾಲೆಯೂ ಇಲ್ಲ ಎಂದಾದಾಗ ಮಕ್ಕಳು ಕುಣಿದುಕೊಂಡು ಹೋದರು. ನಾವೂ ಹದಿನೈದು ದಿನದ ಮಾತು ಅಂದುಕೊಂಡೆವು. ದುಬೈಯಿಂದ ಬಂದವರಲ್ಲಿ ಒಬ್ಬೊಬ್ಬರಿಗೇ ರೋಗ ಕಾಣಿಸಿಕೊಂಡದ್ದು ಆಮೇಲೆ. ಮಾರ್ಚ್ 27ರಂದು ಕೇರಳಕ್ಕೆಲ್ಲ 39 ಹೊಸ ರೋಗಿಗಳು, ಅದರಲ್ಲಿ 34 ಮಂದಿ ಕಾಸರಗೋಡಿನವರು. ಟಿವಿಯಲ್ಲಿ ಆ ಸಂಖ್ಯೆ ಕೇಳಿದಾಗ ನನ್ನ ಅತ್ತೆ ಕೈಯಲ್ಲಿದ್ದ ಹರಿವೆ ಸೊಪ್ಪನ್ನು ಹಾಗೇ ಬಿಟ್ಟು ಎದ್ದು ಹೋಗಿ ದೇವರ ಕೋಣೆಯಲ್ಲಿ ದೀಪ ಹಚ್ಚಿದರು.

ನನ್ನ ಕೆಲಸ ಹೀಗಿತ್ತು. ಸಂಜೆ ಆರು ಗಂಟೆಗೆ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಟಿವಿಯಲ್ಲಿ ಮಾತಾಡುತ್ತಿದ್ದರು. ಹಳೆಯ ಹಾಜರಿ ಪುಸ್ತಕವೊಂದನ್ನು ಹಿಡಿದು ಕೂತು ನಮಗೆ ಬೇಕಾದದ್ದನ್ನು ಬರೆದುಕೊಳ್ಳುತ್ತಿದ್ದೆ. ಆಮೇಲೆ ಜಿಲ್ಲಾಧಿಕಾರಿಯ ಆದೇಶ, ಪಂಚಾಯತಿನ ಸೂಚನೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಂದೇಶ, ಎಲ್ಲವನ್ನೂ ಓದಿ, ಏಳೂವರೆಯ ಹೊತ್ತಿಗೆ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಕನ್ನಡದಲ್ಲಿ ಮಾತಾಡಿ ಕಳಿಸುತ್ತಿದ್ದೆ. ಬರೆದು ಕಳಿಸಿದರೆ ಓದದವರೂ ಮಾತಾಡಿದ್ದನ್ನು ಕೇಳುತ್ತಾರೆ. ನನ್ನ ತುಳು ಅಷ್ಟು ಚೆನ್ನಾಗಿಲ್ಲ. ಅದಕ್ಕೆ ಬೀಡಿ ಕಟ್ಟುವ ನೆರೆಯ ಅಕ್ಕನೊಬ್ಬರು ಸಿಕ್ಕಿದರು. ನಾನು ಹೇಳಿದ್ದನ್ನು ಅವರು ತುಳುವಿನಲ್ಲಿ ಹೇಳಿದರೆ ಕಷ್ಟದ ಮಾತೇ ಉಳಿಯುತ್ತಿರಲಿಲ್ಲ.

ಆ ಅಕ್ಕನಿಂದ ನಾನು ಕಲಿತದ್ದು ಬಹಳ. ಸಾಬೂನಿನಿಂದ ಕೈ ತೊಳೆಯಬೇಕು ಎಂದು ನಾನು ಮೂರು ದಿನ ಹೇಳಿದ್ದೆ. ವೈರಸ್ಸಿನ ಮೇಲೆ ಕೊಬ್ಬಿನ ಒಂದು ಪೊರೆ ಇರುತ್ತದೆ, ಸಾಬೂನು ಅದನ್ನು ಒಡೆಯುತ್ತದೆ ಎಂದೂ ಹೇಳಿದ್ದೆ. ಅವರು ಅದನ್ನೇ ಕೇಳಿಸಿಕೊಂಡು ಹೇಳಿದ್ದು ಹೀಗೆ: ಒಗ್ಗರಣೆ ಹಾಕಿದ ಬಾಣಲೆಗೆ ಬರೀ ನೀರು ಹೊಯ್ದರೆ ಪಸೆ ಹೋಗ್ತದಾ? ಇಲ್ಲವಲ್ಲ, ಸಾಬೂನು ಹಾಕಿ ತಿಕ್ಕಬೇಕು, ಒಂದರಿಂದ ಇಪ್ಪತ್ತರವರೆಗೆ ಎಣಿಸುವಷ್ಟು ಹೊತ್ತು ತಿಕ್ಕಬೇಕು, ಕೈಯೂ ಅದೇ ಲೆಕ್ಕ. ಮರುದಿನದಿಂದ ಹೆಚ್ಚಿನ ಮನೆಗಳ ಅಂಗಳದ ಕಟ್ಟೆಯ ಮೇಲೆ ಒಂದು ಬಕೆಟು, ತೆಂಗಿನ ಚಿಪ್ಪಿನಲ್ಲಿ ಒಂದು ತುಂಡು ಸಾಬೂನು ಬಂದು ಕೂತಿತು.

ಶಬ್ದಗಳ ಜೊತೆ ನಾನು ಪಟ್ಟ ಪಾಡು ಬೇರೆಯೇ. ಮಲಯಾಳಕ್ಕೂ ಕನ್ನಡಕ್ಕೂ ಒಂದೇ ಥರ ಕೇಳುವ ಶಬ್ದಗಳು ಎಷ್ಟಿವೆ ಎಂದು ಆ ದಿನಗಳಲ್ಲಿ ಗೊತ್ತಾಯಿತು. ಉತ್ತರವ್ ಎಂದರೆ ಸರಕಾರದ ಆದೇಶ, ಅದು ನಮ್ಮ ಉತ್ತರವಲ್ಲ. ಸಾಧನಙಳ್ ಎಂದರೆ ಅಂಗಡಿ ಸಾಮಾನು. ಅಕಲಂ ಎಂದು ಬರೆದು ಅಗಲಂ ಎಂದು ಓದುವ ಶಬ್ದಕ್ಕೆ ದೂರ ಎಂದು ಅರ್ಥ. "ಅಗಲ ಪಾಲಿಸಬೇಕು" ಅಂತ ಹೇಳಿದ್ರಲ್ಲ, ಯಾವುದರ ಅಗಲ ಎಂದು ಒಬ್ಬರು ಫೋನ್ ಮಾಡಿ ಕೇಳಿದ್ದರು. ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ನಿರೀಕ್ಷಣಂ. ಬಾಗಿಲಿಗೆ ಅಂಟಿಸಿದ ನೋಟೀಸಿನಲ್ಲಿ ದೊಡ್ಡ ಅಕ್ಷರಗಳಲ್ಲಿದ್ದ ಶಬ್ದ ಅದೇ. ಮಲಯಾಳದಲ್ಲಿ ಕಣ್ಣಿಟ್ಟು ನೋಡಿಕೊಳ್ಳುವುದು ಎಂದು ಅರ್ಥ. ಕನ್ನಡದವರಿಗೆ ನಿರೀಕ್ಷಣೆ ಎಂದರೆ ಕಾಯುವುದು. ಯಾರನ್ನು ಕಾಯುವುದು? ರೋಗವನ್ನೋ? "ಈ ಮನೆಗೆ ಕೊರೋನ ಬರ್ತದೆ ಅಂತ ಸರಕಾರದವರೇ ಬರೆದು ಅಂಟಿಸಿದ್ದಾರೆ" ಎಂಬ ಮಾತು ನಮ್ಮ ವಾರ್ಡಿನಲ್ಲಿ ಒಂದು ವಾರ ಓಡಾಡಿತು.

ಕನ್ನಡದಲ್ಲಿ ಅದಕ್ಕೆ ಏನು ಹೇಳುವುದು? ಕ್ವಾರಂಟೈನ್ ಎಂದರೆ ಪೋಲಿಸರ ಶಬ್ದದ ಹಾಗೆ ಕೇಳುತ್ತಿತ್ತು. ಹಿರಿಯರು ಒಬ್ಬರು ನನಗೆ ಸಲಹೆ ಕೊಟ್ಟರು: ಇಷ್ಟು ಯೋಚನೆ ಯಾಕೆ ಟೀಚರೇ, ಮೈಲಿಗೆ ಅನ್ನಿ, ಎಲ್ಲರಿಗೂ ತಕ್ಷಣ ಅರ್ಥವಾಗ್ತದೆ. ಅರ್ಥವೇನೋ ಆಗುತ್ತಿತ್ತು. ಆದರೆ ಆ ಶಬ್ದವನ್ನು ನಾನು ಬಾಯಿಗೆ ತರಲಿಲ್ಲ. ಮೈಲಿಗೆ, ಮುಟ್ಟಬಾರದು, ದೂರ ನಿಲ್ಲು: ಈ ಮಾತುಗಳನ್ನು ಕೇಳಿಯೇ ತಲೆಮಾರುಗಟ್ಟಲೆ ಬದುಕಿದವರು ನಮ್ಮ ವಾರ್ಡಿನ ಕಾಲನಿಯಲ್ಲಿದ್ದಾರೆ. ರೋಗ ಹೋದ ಮೇಲೂ ಶಬ್ದ ಉಳಿಯುತ್ತದೆ. ಕೊನೆಗೆ "ನಿಗಾ" ಎಂದು ಹೇಳಿದೆ. ಕೈಗೂಸನ್ನು ಒಂದು ನಿಗಾ ಇಟ್ಟು ನೋಡಿ ಎನ್ನುತ್ತೇವಲ್ಲ, ಅದೇ ನಿಗಾ. "ಈ ಮನೆಯವರನ್ನು ನಾವೆಲ್ಲ 28 ದಿನ ನಿಗಾ ಇಟ್ಟು ನೋಡಿಕೊಳ್ಳಬೇಕು" ಎಂದು ಹೇಳಿದ ದಿನ, ಪದವಿನ ಅಜ್ಜಿಯ ಗೇಟಿನಲ್ಲಿ ಯಾರೋ ಒಂದು ಗುಜ್ಜೆಯನ್ನೂ (ಎಳೆ ಹಲಸಿನಕಾಯಿ) ಎರಡು ತೆಂಗಿನಕಾಯಿಯನ್ನೂ ಇಟ್ಟು ಹೋಗಿದ್ದರು.

ಎಲ್ಲ ಮನೆಗೂ ಹಾಗೆ ಆಗಲಿಲ್ಲ. ದುಬೈಯಿಂದ ಬಂದ ಇನ್ನೊಬ್ಬ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಅವನ ಮನೆಯ ಎದುರಿನ ದಾರಿಯಲ್ಲಿ ಜನ ಹೋಗುವುದನ್ನೇ ಬಿಟ್ಟು ಗುಡ್ಡ ಹತ್ತಿ ಸುತ್ತು ಹೊಡೆದು ಹೋಗುತ್ತಿದ್ದರು. ಅವರ ಮನೆಗೂ ಪಕ್ಕದ ಮನೆಗೂ ಬಾವಿ ಒಂದೇ. ಪಕ್ಕದವರು ನೀರು ಸೇದಬೇಡಿ ಎಂದರು. ಬೇಸಗೆಯ ಕಾಲ, ಬೇರೆ ನೀರಿಲ್ಲ. ನಾನು ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಬಾವಿಯ ನೀರಿನ ಬಗ್ಗೆ ಹೆದರಬೇಡಿ, ಇದು ಉಸಿರಿನಿಂದ, ಕೆಮ್ಮು ಸೀನಿನ ಹನಿಗಳಿಂದ ಹತ್ತುವ ರೋಗ, ಆದರೆ ಒಂದೇ ಹಗ್ಗ ಬಕೆಟು ಎಲ್ಲರೂ ಮುಟ್ಟುವುದು, ಬಾವಿಕಟ್ಟೆಯಲ್ಲಿ ಒಟ್ಟಿಗೆ ನಿಲ್ಲುವುದು ಬೇಡ ಎಂದರು. ಅದರ ಪ್ರಕಾರ ಮಾಡಿದೆವು. ಎರಡು ಹಗ್ಗ, ಎರಡು ಬಕೆಟು, ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು. ಹುಡುಗ ಒಳಗಿನ ಕೋಣೆಯಲ್ಲೇ ಇದ್ದ. ತಾಯಿ ಬಾಗಿಲ ಹೊರಗೆ ಗಂಜಿ ಇಟ್ಟು ಹಿಂದೆ ಸರಿದ ಮೇಲೆ ಬಾಗಿಲು ತೆರೆಯುತ್ತಿದ್ದ. ದಿನಾ ರಾತ್ರಿ ನನಗೊಂದು ಮೆಸೇಜು: "ಟೀಚರ್, ಜ್ವರ ಇಲ್ಲ, ಕೆಮ್ಮು ಇಲ್ಲ." ಹನ್ನೊಂದನೆಯ ದಿನ ಇನ್ನೊಂದು ಸಾಲು ಸೇರಿತ್ತು: "ಟೀಚರ್, ನಾನು ಏನು ತಪ್ಪು ಮಾಡಿದ್ದೇನೆ?" ಅದಕ್ಕೆ ಬರೆದು ಉತ್ತರ ಕೊಡಲು ನನ್ನಿಂದಾಗಲಿಲ್ಲ. ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ. ಗಲ್ಫಿನ ದುಡ್ಡಿನಲ್ಲೇ ಎದ್ದು ನಿಂತ ಊರಿದು. ಇಲ್ಲಿಯ ಮನೆಗಳು, ಮದುವೆಗಳು, ಮಸೀದಿಯೂ ದೇವಸ್ಥಾನದ ಜೀರ್ಣೋದ್ಧಾರವೂ ಆ ದುಡ್ಡಿನಿಂದ ಆದವು. ಅಲ್ಲಿಂದ ವಾಪಸು ಬಂದ ಮಕ್ಕಳನ್ನು ನೋಡಿ ಜನ ಮುಖ ತಿರುಗಿಸಿದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನೂ ತಪ್ಪು ಮಾಡಿದ್ದೇನೆ. ಮಾರ್ಚ್ 23ರ ಸಂಜೆ ರಾಜ್ಯವಿಡೀ ಲಾಕ್‌ಡೌನ್ ಎಂದಾದಾಗ, ಅಂಗಡಿಗಳು ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಎಂದು ಮನೆಯವರಿಗೂ ನೆರೆಕರೆಗೂ ಹೇಳಿಬಿಟ್ಟೆ. ಆ ಸಮಯ ಬೇರೆ ಜಿಲ್ಲೆಗಳಿಗೆ. ಕಾಸರಗೋಡಿಗೆ ಮಾತ್ರ 11ರಿಂದ 5. ನನ್ನ ಮಾತು ನಂಬಿ ಏಳು ಗಂಟೆಗೇ ಪೇಟೆಗೆ ಹೋದ ಇಬ್ಬರು ಪೋಲಿಸರ ಕೈಯಲ್ಲಿ ಬೈಗುಳ ತಿಂದು ಬಂದರು. ಅಂದಿನಿಂದ ಏನನ್ನೇ ಹೇಳುವ ಮೊದಲು ಎರಡು ಕಡೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಮಾಸ್ಕಿನ ವಿಷಯದಲ್ಲಿ ಆ ಖಾತ್ರಿಯೂ ಸಾಲಲಿಲ್ಲ. ಮೊದಲಿಗೆ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಮಾತ್ರ ಸಾಕು ಎಂದಿದ್ದರು, ಏಪ್ರಿಲ್ ಕೊನೆಗೆ ಎಲ್ಲರಿಗೂ ಕಡ್ಡಾಯ ಎಂದರು. ಎರಡನ್ನೂ ಹೇಳಿದವಳು ನಾನೇ. "ಮೊದಲು ಬೇಡ ಅಂದ್ರಿ, ಈಗ ಬೇಕು ಅಂತೀರಿ" ಎಂದು ಕೇಳಿದವರಿಗೆ, ವಿಜ್ಞಾನಿಗಳಿಗೂ ಈ ರೋಗ ಹೊಸತು, ತಿಳಿದ ಹಾಗೆ ಹೇಳುತ್ತಾರೆ, ನಾನೂ ತಿಳಿದ ಹಾಗೆ ಹೇಳುತ್ತೇನೆ ಎಂದೆ. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ.

ಇನ್ನು ಗಡಿಯ ವಿಷಯ.

ನಮ್ಮ ಕಡೆಯವರಿಗೆ ಆಸ್ಪತ್ರೆ ಎಂದರೆ ಮಂಗಳೂರು, ಪುತ್ತೂರು. ಹೆರಿಗೆಗೆ, ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ ಎಲ್ಲ ಅತ್ತ ಹೋಗಿಯೇ ರೂಢಿ. ಗಡಿಯ ಸಾರಡ್ಕ ದಾಟಿದರೆ ಕರ್ನಾಟಕದ ಅಡ್ಯನಡ್ಕ, ಆಮೇಲೆ ವಿಟ್ಲ. ನಮ್ಮ ಅರ್ಧ ನೆಂಟರು ಅಲ್ಲೇ. ಮಾರ್ಚ್ ಮುಗಿಯುವುದರೊಳಗೆ ಕರ್ನಾಟಕದವರು ಹೆದ್ದಾರಿಯ ತಲಪಾಡಿ ಗಡಿಯನ್ನು ಮುಚ್ಚಿದರು, ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ತಲಪಾಡಿಯಿಂದ ಆಂಬ್ಯುಲೆನ್ಸ್‌ಗಳು ಹಿಂದೆ ಬಂದವು, ಅವುಗಳೊಳಗಿನ ರೋಗಿಗಳು ತೀರಿಕೊಂಡ ಸುದ್ದಿ ದಿನ ಬಿಟ್ಟು ದಿನ ಬರುತ್ತಿತ್ತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ರಾಷ್ಟ್ರೀಯ ಹೆದ್ದಾರಿಯ ತಡೆ ತೆಗೆಸಬೇಕು ಎಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಪರೀಕ್ಷಿಸಿ ಬಿಡುವ ಏರ್ಪಾಡಾದದ್ದು 7ರ ಹೊತ್ತಿಗೆ. ಅಷ್ಟರವರೆಗಿನ ದಿನಗಳನ್ನು ನಾವು ಹೇಗೆ ಕಳೆದೆವೋ ನಮಗೇ ಗೊತ್ತು.

ನಮ್ಮ ವಾರ್ಡಿನಲ್ಲೊಂದು ಮಗುವಿದೆ. ಮಗು ಎಂದೇ ಹೇಳುತ್ತೇವೆ, ಆಗ ವಯಸ್ಸು ಹತ್ತೊಂಬತ್ತು. ಗೇರುತೋಟಗಳಿಗೆ ಇಪ್ಪತ್ತು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರು ನಮ್ಮದು. ಇಂಥ ಮಕ್ಕಳು ಇಲ್ಲಿ ಒಂದು ಮನೆಯಲ್ಲಲ್ಲ. ಈ ಹುಡುಗಿಗೆ ಮಾತಿಲ್ಲ, ನಡೆಯಲು ಬರುವುದಿಲ್ಲ, ಫಿಟ್ಸಿಗೆ ದಿನಕ್ಕೆ ಎರಡು ಮಾತ್ರೆ. ಅವಳ ತಾಯಿ ಫೋನ್ ಮಾಡಿದಾಗ ಐದು ಮಾತ್ರೆ ಉಳಿದಿತ್ತು. "ತಿಂಗಳಿಗೊಮ್ಮೆ ಮಂಗಳೂರಿನಿಂದ ತರ್ತಿದ್ದೆವು ಟೀಚರೇ. ಅರ್ಧರ್ಧ ಮಾಡಿ ಕೊಡ್ಲಾ?" ಎಂದು ಕೇಳಿದರು. ಬೇಡ, ಡಾಕ್ಟರ್ ಹೇಳದೆ ಕಡಿಮೆ ಮಾಡಬೇಡಿ ಎಂದೆ. ಆ ಮದ್ದು ಒಮ್ಮೆಲೇ ನಿಂತರೆ ಫಿಟ್ಸು ಜೋರಾಗಿ ಬರುತ್ತದೆ, ಪ್ರಾಣಕ್ಕೇ ಅಪಾಯ.

ಚೀಟಿಯ ಫೋಟೋ ತರಿಸಿಕೊಂಡೆ. ಪೆರ್ಲ, ಬದಿಯಡ್ಕ, ಕಾಸರಗೋಡು, ಗೊತ್ತಿದ್ದ ಮೆಡಿಕಲ್ಲುಗಳಿಗೆಲ್ಲ ಫೋನ್ ಮಾಡಿದೆ. ಎಲ್ಲೂ ಇಲ್ಲ. ಅಗ್ನಿಶಾಮಕ ದಳದವರು 101ಕ್ಕೆ ಕರೆ ಮಾಡಿದರೆ ಮದ್ದು ತಲುಪಿಸುತ್ತಾರೆ ಎಂದು ತಿಳಿದು ಅಲ್ಲಿಗೂ ಹೇಳಿದೆ. ಕಣ್ಣೂರಿನಲ್ಲಿ ಹುಡುಕಿಸುತ್ತೇವೆ, ಒಂದೆರಡು ದಿನ ಬೇಕಾದೀತು ಎಂದರು. ನಮ್ಮ ಕೈಯಲ್ಲಿದ್ದದ್ದು ಎರಡೂವರೆ ದಿನ. ಆ ರಾತ್ರಿ ಅಡ್ಯನಡ್ಕ ಕಡೆಯ ನನ್ನ ಸೋದರಮಾವನ ಮಗನಿಗೆ ಫೋಟೋ ಕಳಿಸಿದೆ. ಅವನು ಬೆಳಿಗ್ಗೆ ವಿಟ್ಲಕ್ಕೆ ಹೋಗಿ ಮೂರು ಅಂಗಡಿ ಕೇಳಿ, ಒಂದು ತಿಂಗಳಿಗಾಗುವಷ್ಟು ಸಿಕ್ಕಿತು ಎಂದು ಹೇಳಿದಾಗ ನನಗೆ ಅಳುವೇ ಬಂತು. ಇನ್ನು ತರುವುದು ಹೇಗೆ?

ಸತ್ಯವಾಙ್ಮೂಲ ಬರೆದೆ. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆದು ಕೈಯಲ್ಲಿ ಹಿಡಿದುಕೊಳ್ಳುವ ಕಾಗದ. ಮೆಂಬರು ನಮ್ಮ ಕಡೆಯ ಪೋಲಿಸರಿಗೆ ಮೊದಲೇ ಹೇಳಿದ್ದರು. ಪಂಚಾಯತಿನ ಪಾಲಿಯೇಟಿವ್ ನರ್ಸು ತಮ್ಮ ಜೀಪಿನಲ್ಲಿ ನನ್ನನ್ನು ಕರೆದುಕೊಂಡು ಹೋದರು.

ನೂರು ಸಲ ಓಡಾಡಿದ ದಾರಿ. ತಿರುವು ದಾಟಿದ ಕೂಡಲೇ ಎದುರಿಗೆ ಮಣ್ಣಿನ ರಾಶಿ, ಆಳೆತ್ತರಕ್ಕೂ ಮೇಲೆ. ಕೆಂಪು ಮಣ್ಣು, ನಡುನಡುವೆ ಮುರಕಲ್ಲಿನ ದೊಡ್ಡ ದೊಡ್ಡ ಗಟ್ಟಿಗಳು. ಒಂದು ಬದಿಯಲ್ಲಿ ಬುಡಸಮೇತ ಕಿತ್ತು ಬಂದ ಕಾಟುಮಾವಿನ ಸಸಿ, ಎಲೆಗಳು ಇನ್ನೂ ಹಸುರಾಗಿದ್ದವು. ರಾಶಿಯ ಮೇಲೆ ಆಗಲೇ ಆಡಿನ ಹೆಜ್ಜೆಗಳು ಮೂಡಿದ್ದವು. ಆಡುಗಳು ಆಚೆಗೂ ಈಚೆಗೂ ಹೋಗಿ ಬಂದಿದ್ದವು.

ಬಾವ ಆಚೆಯಿಂದ ಕೂಗಿದ. ತಲೆ ಮಾತ್ರ ಕಾಣುತ್ತಿತ್ತು, ಬೈರಾಸಿನಿಂದ (ಹೆಗಲ ಮೇಲಿನ ವಸ್ತ್ರ) ಮೂಗು ಬಾಯಿ ಕಟ್ಟಿಕೊಂಡಿದ್ದ. ಅವನ ಹಿಂದೆ ಇಬ್ಬರು ಪೋಲಿಸರು. ಅವರೂ ಸುಮ್ಮನೆ ನೋಡುತ್ತಿದ್ದರು, ಬೇಡ ಎನ್ನಲಿಲ್ಲ.

"ಅಕ್ಕಾ, ಹತ್ತರೆ ಬರೆಡ. ಕಲ್ಲಿನ ಮೇಲೆ ಮಡುಗುತ್ತೆ."

ಅವನು ಪ್ಲಾಸ್ಟಿಕ್ ಕಟ್ಟನ್ನು ರಾಶಿಯ ನೆತ್ತಿಯ ಮೇಲಿಟ್ಟು ಹಿಂದೆ ಸರಿದ. ನಾನು ಎರಡು ಕೈಯನ್ನೂ ಊರಿ ಹತ್ತಿದೆ. ಸೀರೆಯ ಅಂಚಿಗೆ ಮಣ್ಣು. ಕಟ್ಟನ್ನು ಎತ್ತಿಕೊಳ್ಳುವಾಗ ಅವನು ಕೇಳಿದ: "ಅತ್ತೆ ಹೇಂಗಿದ್ದು?" ನನ್ನ ಅಮ್ಮನ ಬಗ್ಗೆ ಕೇಳಿದ್ದು. ಸೌಖ್ಯ ಎಂದೆ. ಅಷ್ಟೇ ಮಾತು. ನಾವಿಬ್ಬರೂ ಒಂದೇ ಅಜ್ಜನ ಮನೆಯ ಜಗಲಿಯಲ್ಲಿ ಬೇಸಗೆ ರಜೆಯಿಡೀ ಒಟ್ಟಿಗೆ ಮಲಗುತ್ತಿದ್ದವರು. ಕಟ್ಟು ಬಿಡಿಸಿ ನೋಡಿದರೆ ಮಾತ್ರೆಗಳ ಜೊತೆ ಒಂದು ಮಡಿಕೆ ಮಾಂಬಳವೂ (ಒಣಗಿಸಿದ ಮಾವಿನ ರಸ) ಇತ್ತು.

ಜೀಪಿನಲ್ಲಿ ಕೂತ ಮೇಲೆ ನರ್ಸು ಕೇಳಿದರು, "ಟೀಚರ್, ಆ ಹೆಸರು ಒಮ್ಮೆ ಸರಿ ನೋಡಿ, ಅದೇ ಮದ್ದಲ್ಲವಾ?" ಮೂರು ಸಲ ನೋಡಿದೆವು. ಅದೇ. ಸಂಜೆ ಐದಕ್ಕೆ ಹುಡುಗಿಯ ಮನೆಗೆ ತಲುಪಿದಾಗ ತಾಯಿ ಅಂಗಳದಲ್ಲೇ ನಿಂತಿದ್ದರು. ಒಳಗಿನಿಂದ ಹುಡುಗಿ ಯಾವಾಗಲೂ ಮಾಡುವ ಹಾಗೆ ಒಂದೇ ಸಮ ಸದ್ದು ಮಾಡುತ್ತಿದ್ದಳು. ಅದನ್ನು ಕೇಳಿ ನಾನೂ ನರ್ಸೂ ಮುಖ ಮುಖ ನೋಡಿಕೊಂಡೆವು. ಮುಂದಿನ ತಿಂಗಳಿನಿಂದ 101ರವರೇ ತಂದುಕೊಟ್ಟರು.

ಊಟಕ್ಕೆ ಅಷ್ಟು ತೊಂದರೆಯಾಗಲಿಲ್ಲ. ಏಪ್ರಿಲ್ 1ರಿಂದ ರೇಶನ್ ಅಂಗಡಿಯಲ್ಲಿ ಉಚಿತ ಅಕ್ಕಿ ಕೊಟ್ಟರು. ಕಾರ್ಡಿನ ಕೊನೆಯ ಅಂಕೆ ಸೊನ್ನೆ, ಒಂದು ಆದವರು ಮೊದಲ ದಿನ, ಎರಡು, ಮೂರರವರು ಮರುದಿನ, ಹೀಗೆ. ಆಮೇಲೆ 17 ಬಗೆ ಸಾಮಾನಿನ ಕಿಟ್ಟು. ಒಬ್ಬಂಟಿಗಳಿಗೂ ಹೊರಗಿನಿಂದ ದುಡಿಯಲು ಬಂದವರಿಗೂ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಸಮುದಾಯ ಅಡುಗೆಮನೆಯಿಂದ ಊಟ ಕಟ್ಟಿಕೊಟ್ಟರು. ಮೈಸೂರಿನ ಕಡೆಯ ತರಕಾರಿ ನಿಂತರೂ ಹಲಸಿನ ಕಾಲವಾಗಿತ್ತು. ಗುಜ್ಜೆ ಪಲ್ಯ, ಹಲಸಿನ ಸೊಳೆಯ ಹುಳಿ, ಹಲಸಿನ ಬೇಳೆಯ ಸಾರು, ಬಸಳೆ, ಬಾಳೆಕಾಯಿ. ಅಡಿಕೆ ಕೊಳ್ಳುವವರಿಲ್ಲದೆ ಕೈಯಲ್ಲಿ ಕಾಸಿಲ್ಲದವರು ಬಹಳ ಜನ. ಹಾಲು ಕೊಂಡುಹೋಗುವವರಿಲ್ಲದ ದಿನ ನಾವು ಹತ್ತು ಮನೆಗೆ ಹಂಚಿದೆವು.

ಏಪ್ರಿಲ್ 6ರಂದು ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಕೊರೋನ ಆಸ್ಪತ್ರೆಯಾಗಿ ತೆರೆದರು. 2013ರಲ್ಲಿ ಕಲ್ಲು ಹಾಕಿದ ಜಾಗ ಅದು. ಏಳು ವರ್ಷದಿಂದ ಆ ದಾರಿಯಾಗಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಎಂದಿಗೆ ಆಸ್ಪತ್ರೆಯಾದೀತು ಎಂದು ನೋಡುತ್ತಿದ್ದೆವು. ಐನೂರು ಕಿಲೋಮೀಟರಿಗೂ ದೂರದ ತಿರುವನಂತಪುರದಿಂದ ವೈದ್ಯರ, ನರ್ಸುಗಳ ತಂಡ ರಸ್ತೆಯಲ್ಲಿ ಬಂತು. ಆ ರಾತ್ರಿ ಅಜ್ಜಿಗೆ ಫೋನ್ ಮಾಡಿ ಹೇಳಿದೆ, ಇನ್ನು ಗಡಿ ದಾಟದೆಯೂ ಆಸ್ಪತ್ರೆ ಉಂಟು ಎಂದು. "ಕನ್ನಡ ಬರುವ ನರ್ಸು ಉಂಟಾ?" ಎಂದು ಅಜ್ಜಿ ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಮರುದಿನ ಜಾಗ್ರತಾ ಸಮಿತಿಯ ಫೋನ್ ಸಭೆಯಲ್ಲಿ ಅದೇ ಪ್ರಶ್ನೆಯನ್ನು ನಾನು ಎತ್ತಿದೆ. ಬೇಕಾದರೆ ಯಾವ ಹೊತ್ತಿಗೂ ನನಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟರೆ ಹೇಳುತ್ತೇನೆ ಎಂದು ನಂಬರು ಕೊಟ್ಟೆ. ಎರಡು ಸಲ ಕರೆ ಬಂತು, ಒಂದು ಸಲ ಬೆಳಗಿನ ಜಾವ ಮೂರು ಗಂಟೆಗೆ.

ನನ್ನ ಹಳೆಯ ವಿದ್ಯಾರ್ಥಿಯೂ ಅಜ್ಜಿಯ ಮೊಮ್ಮಗನೂ 28 ದಿನ ಮುಗಿಸಿದರು. ಇಬ್ಬರಿಗೂ ರೋಗ ಬರಲಿಲ್ಲ. ಮೇ 10ಕ್ಕೆ ಜಿಲ್ಲೆಯ 178 ರೋಗಿಗಳೂ ಗುಣವಾದರು ಎಂಬ ಸುದ್ದಿ ಬಂತು. ಅದನ್ನು ಓದಿ ಕಳಿಸುವಾಗ ದನಿ ಗದ್ಗದವಾಗಿ ಎರಡು ಸಲ ಅಳಿಸಿ ಮತ್ತೆ ರೆಕಾರ್ಡ್ ಮಾಡಿದೆ. ಆದರೆ ಆ ವಾರದಲ್ಲೇ ಹೊರರಾಜ್ಯಗಳಿಂದ ಜನ ಪಾಸು ತೆಗೆದುಕೊಂಡು ಬರತೊಡಗಿದ್ದರು. ಮತ್ತೆ ನಿಗಾ, ಮತ್ತೆ ನೋಟೀಸು.

ಹೊಸ ನೋಟೀಸುಗಳ ಕಟ್ಟನ್ನು ಮೆಂಬರು ನಮ್ಮ ಮನೆಗೇ ತಂದುಕೊಟ್ಟರು. "ಟೀಚರೇ, ನೋಡಿ, ಈ ಸಲ ಕನ್ನಡದಲ್ಲೂ ಉಂಟು" ಎಂದು ಅವರ ಮುಖ ಅರಳಿತ್ತು. ನಿಜ, ಮಲಯಾಳದ ಕೆಳಗೆ ಒಂದು ಸಾಲು ಕನ್ನಡ. ಕನ್ನಡಕ ಹಾಕಿ ಓದಿದೆ: "ಈ ಮನೆಯು ನಿರೀಕ್ಷಣೆಯಲ್ಲಿದೆ."

ನಲವತ್ತು ಹಾಳೆಗಳಿದ್ದವು. ಜಗಲಿಯಲ್ಲಿ ಚಾಪೆ ಹಾಕಿ ಕೂತೆ. ಒಂದೊಂದರಲ್ಲೂ ಆ ಶಬ್ದವನ್ನು ನೀಲಿ ಪೆನ್ನಿನಲ್ಲಿ ಹೊಡೆದು, ಮೇಲೆ "ನಮ್ಮೆಲ್ಲರ ನಿಗಾದಲ್ಲಿ" ಎಂದು ಬರೆದೆ. ಅತ್ತೆ ಎದುರಿಗೆ ಕೂತು ಶಾಯಿ ಒಣಗಿದ ಹಾಳೆಗಳನ್ನು ಎಣಿಸಿ ಜೋಡಿಸಿಟ್ಟರು.